ಡಿಸ್ನಿ ವರ್ಲ್ಡ್‌ನಲ್ಲಿ ಐದು ದಿನ, ಪಾರ್ಕ್ ಟಿಕೆಟ್ ಇಲ್ಲದೆ

ಪ್ರಶ್ನೆ: ಮಗ, ಸೊಸೆ ಅಮೆರಿಕದಲ್ಲಿದ್ದಾರೆ. ಜೂನ್‌ನಲ್ಲಿ ನಾವು ಅಲ್ಲಿಗೆ ಹೋದಾಗ ಫ್ಲಾರಿಡಾದ ಡಿಸ್ನಿ ವರ್ಲ್ಡ್ ಒಳಗಿನ ಹೋಟೆಲಿನಲ್ಲೇ ಐದು ದಿನ ಇರೋಣ ಎನ್ನುತ್ತಿದ್ದಾರೆ. ಅವರಿಬ್ಬರೂ 9 ಮತ್ತು 6 ವರ್ಷದ ಮೊಮ್ಮಕ್ಕಳೂ ದಿನಾ ಪಾರ್ಕಿಗೆ ಹೋಗುತ್ತಾರೆ. ನನಗೆ 67, ನಮ್ಮ ಯಜಮಾನರಿಗೆ 72, ಅವರಿಗೆ ಮಂಡಿನೋವು. ಬೆಂಗಳೂರಿನಲ್ಲಿ ಒಮ್ಮೆ ಇಂಥ ಪಾರ್ಕಿಗೆ ಹೋಗಿ, ಟಿಕೆಟ್ ಕೊಟ್ಟೂ ದಿನವಿಡೀ ಎಲ್ಲರ ಚೀಲ ಕಾಯುತ್ತ ಕೂತಿದ್ದೆವು. ಅಲ್ಲಿ ಟಿಕೆಟ್ಟೇ ತೆಗೆದುಕೊಳ್ಳದೆ ಹೋಟೆಲಿನಲ್ಲಿದ್ದರೆ ನಮಗೆ ನೋಡಲು, ಮಾಡಲು ಏನಾದರೂ ಇದೆಯೇ? ನಾವು ಸಸ್ಯಾಹಾರಿಗಳು, ಮೊಟ್ಟೆಯನ್ನೂ ತಿನ್ನುವುದಿಲ್ಲ. (ಬಸವನಗುಡಿಯ ಓದುಗರು)

ಉತ್ತರ: ಧಾರಾಳವಾಗಿ ಇದೆ. ಟಿಕೆಟ್ ಬೇಡ ಎಂದ ನಿಮ್ಮ ಲೆಕ್ಕಾಚಾರವೂ ಸರಿಯಾಗಿದೆ. ಅಲ್ಲಿ ಒಂದು ದಿನದ ಪಾರ್ಕ್ ಟಿಕೆಟ್ಟಿಗೆ ಪಾರ್ಕ್ ಮತ್ತು ದಿನ ನೋಡಿಕೊಂಡು ಸುಮಾರು 120ರಿಂದ 200 ಡಾಲರ್ ಆಗುತ್ತದೆ. ಹೆಚ್ಚು ದಿನದ ಟಿಕೆಟ್ ತೆಗೆದುಕೊಂಡರೆ ದಿನದ ಲೆಕ್ಕ ಇಳಿಯುತ್ತದೆ, ಆದರೂ ಇಬ್ಬರಿಗೆ ಐದು ದಿನಕ್ಕೆ ಸಾವಿರ ಡಾಲರ್ ದಾಟುತ್ತದೆ. ಹಿರಿಯ ನಾಗರಿಕರಿಗೆ ರಿಯಾಯಿತಿ ಇಲ್ಲ. 10 ವರ್ಷ ತುಂಬಿದವರೆಲ್ಲ ವಯಸ್ಕರ ಲೆಕ್ಕವೇ.

ಮೊದಲು ಜಾಗದ ಚಿತ್ರ ಮನಸ್ಸಿಗೆ ಬರಬೇಕು. ಡಿಸ್ನಿ ವರ್ಲ್ಡ್ ಎಂದರೆ ಒಂದು ಪಾರ್ಕ್ ಅಲ್ಲ. ಸುಮಾರು 100 ಚದರ ಕಿಲೋಮೀಟರ್ ಜಾಗದಲ್ಲಿ ಮ್ಯಾಜಿಕ್ ಕಿಂಗ್‌ಡಮ್, ಎಪ್‌ಕಾಟ್, ಹಾಲಿವುಡ್ ಸ್ಟುಡಿಯೋಸ್, ಅನಿಮಲ್ ಕಿಂಗ್‌ಡಮ್ ಎಂಬ ನಾಲ್ಕು ಪಾರ್ಕ್, ಎರಡು ವಾಟರ್ ಪಾರ್ಕ್, ಇಪ್ಪತ್ತಕ್ಕಿಂತ ಹೆಚ್ಚು ಹೋಟೆಲ್, ಕೆರೆಗಳು, ಕಾಲುವೆಗಳು, ಡಿಸ್ನಿ ಸ್ಪ್ರಿಂಗ್ಸ್ ಎಂಬ ಒಂದು ದೊಡ್ಡ ಅಂಗಡಿ ಬೀದಿ, ಇವೆಲ್ಲವನ್ನೂ ಹರಡಿಟ್ಟಿದ್ದಾರೆ. ಒಂದು ತುದಿಯ ಹೋಟೆಲಿನಿಂದ ಇನ್ನೊಂದು ತುದಿಯ ಹೋಟೆಲಿಗೆ ಹೋಗುವುದೆಂದರೆ ಬಸವನಗುಡಿಯಿಂದ ಹೆಬ್ಬಾಳಕ್ಕೆ ಹೋದಷ್ಟು ದೂರ. ಟಿಕೆಟ್ ಕೇಳುವುದು ನಾಲ್ಕು ಪಾರ್ಕಿನ ಮತ್ತು ವಾಟರ್ ಪಾರ್ಕಿನ ಗೇಟಿನಲ್ಲಿ ಮಾತ್ರ. ಆ ಗೇಟಿನವರೆಗೆ ಕರೆದೊಯ್ಯುವ ಬಸ್ಸು, ದೋಣಿ, ಮಾನೋರೈಲು, ತಂತಿಗೆ ತೂಗುಹಾಕಿದ ಪೆಟ್ಟಿಗೆಗಳಲ್ಲಿ ಸಾಗುವ ಸ್ಕೈಲೈನರ್ ಎಲ್ಲವೂ ಉಚಿತ. ಟಿಕೆಟ್ ಇದೆಯೇ ಎಂದು ಹತ್ತಿಸಿಕೊಳ್ಳುವಾಗ ಯಾರೂ ಕೇಳುವುದಿಲ್ಲ. ಕೆಲವು ನಿಲ್ದಾಣಗಳಲ್ಲಿ ಚೀಲ ತಪಾಸಣೆ ಇರುತ್ತದೆ, ಅಷ್ಟೆ. ನಿಮ್ಮ ಐದು ದಿನದ ಸುತ್ತಾಟ ಇರುವುದೇ ಈ ವಾಹನಗಳ ಮೇಲೆ. ಹಾಗಾಗಿ ಹೋಟೆಲ್ ಆರಿಸುವಾಗ ಈಜುಕೊಳ ಎಷ್ಟು ದೊಡ್ಡದು ಎನ್ನುವುದಕ್ಕಿಂತ ಅದು ಯಾವ ವಾಹನದ ದಾರಿಯಲ್ಲಿದೆ ಎಂಬುದನ್ನು ಮೊದಲು ನೋಡಿ.

ನೀವು ಆರು ಜನ. ಅಲ್ಲಿಯ ಅಗ್ಗದ ಹೋಟೆಲುಗಳ ಸಾಮಾನ್ಯ ರೂಮಿನಲ್ಲಿ ನಾಲ್ವರಿಗೆ ಮಾತ್ರ ಅವಕಾಶ. ಮಗ ಎರಡು ರೂಮ್ ಹಿಡಿಯುವ ಮೊದಲು ಆರ್ಟ್ ಆಫ್ ಅನಿಮೇಷನ್ ಹೋಟೆಲಿನ ಫ್ಯಾಮಿಲಿ ಸೂಟ್ ನೋಡಲಿ. ಒಂದು ಸೂಟಿನಲ್ಲಿ ಆರು ಜನ ಮಲಗಬಹುದು. ಎರಡು ಬಚ್ಚಲುಮನೆ ಇವೆ, ಬೆಳಗ್ಗೆ ಮಕ್ಕಳು ಪಾರ್ಕಿಗೆ ಓಡುವ ಗಡಿಬಿಡಿಯಲ್ಲಿ ಇದು ದೊಡ್ಡ ಉಪಕಾರ. ಚಿಕ್ಕ ಫ್ರಿಜ್, ಮೈಕ್ರೋವೇವ್, ಕಾಫಿ ಮೇಕರ್ ಇವೆ. ಎಲ್ಲಕ್ಕಿಂತ ಮುಖ್ಯವಾಗಿ ಸ್ಕೈಲೈನರ್ ನಿಲ್ದಾಣ ಹೋಟೆಲಿನ ಕೆರೆಯ ಸೇತುವೆಯ ಮೇಲೇ ಇದೆ. ಸ್ಕೈಲೈನರ್‌ಗೆ ಹತ್ತಿರದ ಸೂಟ್ ಬೇಕು ಎಂದು ಬುಕ್ ಮಾಡುವಾಗಲೇ ಬರೆಸಿ. ಕೊಟ್ಟೇ ಕೊಡುತ್ತೇವೆ ಎಂಬ ಭರವಸೆ ಇಲ್ಲ, ಆದರೆ ಕೇಳದಿದ್ದರೆ ಮಂಡಿನೋವಿನವರಿಗೆ ದಿನಕ್ಕೆ ನಾಲ್ಕು ಸಲ ಉದ್ದ ನಡಿಗೆ ಬೀಳಬಹುದು.

ಇನ್ನೊಂದು ಆಯ್ಕೆ ಫೋರ್ಟ್ ವಿಲ್ಡರ್ನೆಸ್‌ನ ಕ್ಯಾಬಿನ್‌ಗಳು. ಮರಗಳ ನಡುವೆ ಬಿಡಿಬಿಡಿ ಮನೆಗಳು. ಆರು ಜನ ಇರಬಹುದು, ಪೂರ್ತಿ ಅಡುಗೆಮನೆ ಇದೆ. ಅನ್ನ ಸಾರು ಇಲ್ಲದೆ ಐದು ದಿನ ಕಷ್ಟ ಎನ್ನುವವರಿಗೆ ಇದೇ ಸರಿ. ಆದರೆ ಬಚ್ಚಲು ಒಂದೇ, ಬೆಲೆ ಹೆಚ್ಚು, ಮನೆಯಿಂದ ದೋಣಿಕಟ್ಟೆಗೆ ಹೋಗಲು ಒಳಗಿನ ಬಸ್ಸನ್ನು ಕಾಯಬೇಕು. ನಿಮ್ಮ ಮನೆಗೆ ನಾನು ಆರ್ಟ್ ಆಫ್ ಅನಿಮೇಷನ್ ಅನ್ನೇ ಹೇಳುತ್ತೇನೆ. ಮುಂದಿನ ವಿವರವೆಲ್ಲ ಅಲ್ಲಿಂದಲೇ ಹೊರಡುವ ಲೆಕ್ಕದಲ್ಲಿದೆ.

(ಮನೆಯವರು ಯಾರೂ ಪಾರ್ಕಿಗೆ ಹೋಗದವರಾಗಿದ್ದರೆ ಡಿಸ್ನಿ ಹೋಟೆಲ್ ಬೇಡ ಎನ್ನುತ್ತಿದ್ದೆ. ಅಲ್ಲಿಯ ರೂಮಿನ ಬಾಡಿಗೆಯಲ್ಲಿ ಪಾರ್ಕಿಗೆ ಹತ್ತಿರವಿರುವುದರ ಬೆಲೆಯೂ ಸೇರಿರುತ್ತದೆ, ಮೇಲೆ 12.5 ಶೇಕಡಾ ತೆರಿಗೆ. ಹೊರಗಿನ ಹೋಟೆಲಿನಲ್ಲಿದ್ದುಕೊಂಡೂ ಕೆಳಗೆ ಹೇಳಿದ ಸುತ್ತಾಟದ ಬಹುಪಾಲು ಮಾಡಬಹುದು. ನಿಮ್ಮ ವಿಷಯದಲ್ಲಿ ನಾಲ್ವರು ದಿನಾ ಪಾರ್ಕಿಗೆ ಹೋಗುವುದರಿಂದ ಒಳಗೇ ಇರುವುದು ಲಾಭ.)

ಬುಕಿಂಗ್ ಮಾಡುವಾಗ ಒಂದು ವಿಷಯ ಮರೆಯಬೇಡಿ. ಮಗ ಒಬ್ಬನ ಹೆಸರಿನಲ್ಲಿ ರೂಮ್ ಹಿಡಿದು ಉಳಿದವರ ಹೆಸರು ಸೇರಿಸದೆ ಬಿಡುವುದು ಸಾಮಾನ್ಯ. ಆರೂ ಹೆಸರು ಇರಬೇಕು. ಆಗ ನಿಮ್ಮಿಬ್ಬರಿಗೂ ನಿಮ್ಮದೇ ಕೀ ಕಾರ್ಡ್ ಸಿಗುತ್ತದೆ. ರೂಮಿನ ಬಾಗಿಲು, ಈಜುಕೊಳದ ಗೇಟು ತೆರೆಯುವುದು ಅದರಿಂದಲೇ. ಪಿನ್ ಹಾಕಿಕೊಂಡರೆ ಊಟ ತಿಂಡಿಯ ಬಿಲ್ಲನ್ನೂ ರೂಮಿನ ಲೆಕ್ಕಕ್ಕೆ ಸೇರಿಸಬಹುದು. ಮಕ್ಕಳು ಪಾರ್ಕಿನಲ್ಲಿರುವಾಗ ನೀವು ಒಂದು ಕಾಫಿಗೂ ಅವರ ಫೋನಿಗಾಗಿ ಕಾಯುವಂತೆ ಆಗಬಾರದು. ಇಬ್ಬರ ಫೋನಿನಲ್ಲೂ ಅಲ್ಲಿಯ ಸಿಮ್ ಇರಲಿ, ಮೈ ಡಿಸ್ನಿ ಎಕ್ಸ್‌ಪೀರಿಯನ್ಸ್ ಆ್ಯಪ್ ಇರಲಿ. ಬಸ್ಸಿನ ಸಮಯ, ಸ್ಕೈಲೈನರ್ ನಿಂತಿದೆಯೇ ಓಡುತ್ತಿದೆಯೇ, ಪಟಾಕಿ ಎಷ್ಟು ಗಂಟೆಗೆ ಎಲ್ಲ ಅದರಲ್ಲೇ ಗೊತ್ತಾಗುತ್ತದೆ.

ಜೂನ್ ಎಂದಿರಿ. ಆಗಿನ ಬಿಸಿಲು ಬೆಂಗಳೂರಿನ ಏಪ್ರಿಲ್ ಬಿಸಿಲಿನಂತಲ್ಲ. 32, 33 ಡಿಗ್ರಿಯ ಜೊತೆಗೆ ಮಂಗಳೂರಿನಷ್ಟೇ ಬೆವರು. ಮಧ್ಯಾಹ್ನ ಎರಡರಿಂದ ಐದರ ನಡುವೆ ಗುಡುಗು ಮಳೆ ಹೆಚ್ಚುಕಡಿಮೆ ದಿನಾ. ಮಿಂಚು ಹತ್ತಿರ ಬಂದ ಕೂಡಲೇ ಸ್ಕೈಲೈನರ್, ದೋಣಿ, ಈಜುಕೊಳ ಮೂರೂ ನಿಲ್ಲುತ್ತವೆ. ಇದನ್ನು ತಿಳಿಯದೆ ಮೂರು ಗಂಟೆಗೆ ಹೊರಟವರು ಎಲ್ಲೋ ನಡುದಾರಿಯಲ್ಲಿ ಸಿಕ್ಕಿಕೊಂಡು ಇಡೀ ವ್ಯವಸ್ಥೆಯನ್ನೇ ಬೈಯುತ್ತಾರೆ. ಬೆಳಗ್ಗೆ ಹೊರಗೆ, ಮಧ್ಯಾಹ್ನ ರೂಮಿನಲ್ಲಿ ಊಟ ನಿದ್ದೆ, ಆರರ ಮೇಲೆ ಮತ್ತೆ ಹೊರಗೆ ಎಂದು ದಿನವನ್ನು ಹಂಚಿಕೊಳ್ಳಿ. ಕಾಲಮಾನವೂ ನಿಮಗೆ ಅನುಕೂಲವಾಗಿದೆ. ಬೇಸಿಗೆಯಲ್ಲಿ ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಒಂಬತ್ತೂವರೆ ಗಂಟೆ ಹಿಂದೆ. ಅಮೆರಿಕಕ್ಕೆ ಬಂದ ಹೊಸತರಲ್ಲೇ ಈ ಪ್ರವಾಸ ಇಟ್ಟುಕೊಂಡರೆ ಹೇಗೂ ಬೆಳಗಿನ ಜಾವ ಎಚ್ಚರವಾಗಿರುತ್ತದೆ.

ಈಗ ಮೊದಲ ಸುತ್ತು. ಐದು ದಿನದಲ್ಲಿ ಇದೊಂದನ್ನೇ ಮಾಡಿದರೂ ಬಂದದ್ದು ಸಾರ್ಥಕ. ಒಂಬತ್ತೂವರೆಗೆ ಹೊರಡಿ, ಅಷ್ಟು ಹೊತ್ತಿಗೆ ಪಾರ್ಕಿಗೆ ನುಗ್ಗುವವರ ಗದ್ದಲ ಇಳಿದಿರುತ್ತದೆ. ಹೋಟೆಲಿನಿಂದ ಸ್ಕೈಲೈನರ್ ಹತ್ತಿ ಕೆರಿಬಿಯನ್ ಬೀಚ್ ನಿಲ್ದಾಣದಲ್ಲಿ ಇಳಿಯಿರಿ. ಮೂರು ದಾರಿಗಳೂ ಕೂಡುವ ಜಂಕ್ಷನ್ ಅದು. ಅಲ್ಲಿ ಎಪ್‌ಕಾಟ್ ಕಡೆಯ ಸಾಲಿಗೆ ಹೋಗಿ ಇನ್ನೊಂದು ಪೆಟ್ಟಿಗೆ ಹತ್ತಿ. ಕೆರೆ, ಕಾಡು, ಹೋಟೆಲಿನ ಮಾಡುಗಳ ಮೇಲಿಂದ ಸುಮಾರು ಕಾಲು ಗಂಟೆಯ ಸವಾರಿ. ನಡುವೆ ರಿವಿಯೆರಾ ನಿಲ್ದಾಣದಲ್ಲಿ ಬಾಗಿಲು ತೆರೆದುಕೊಳ್ಳುತ್ತದೆ, ಅಲ್ಲಿ ಇಳಿಯಬೇಡಿ. ಕೊನೆಗೆ ಇಳಿದಾಗ ಎದುರಿಗೆ ಎಪ್‌ಕಾಟ್‌ನ ಹಿಂಬಾಗಿಲು ಕಾಣುತ್ತದೆ. ಜನವೆಲ್ಲ ಆ ಗೇಟಿನತ್ತ ಹೋಗುತ್ತಾರೆ, ನೀವು ಗೇಟಿಗೆ ಬೆನ್ನು ಹಾಕಿ ನೀರಿನ ಪಕ್ಕದ ದಾರಿ ಹಿಡಿಯಿರಿ. ಐದರಿಂದ ಹತ್ತು ನಿಮಿಷ ನಡೆದರೆ ಬೋರ್ಡ್‌ವಾಕ್. ಅಮೆರಿಕದ ಪೂರ್ವ ಕರಾವಳಿಯಲ್ಲಿ ನೂರು ವರ್ಷದ ಹಿಂದೆ ಇದ್ದ ಸಮುದ್ರತೀರದ ಪೇಟೆಗಳ ಮಾದರಿಯಲ್ಲಿ, ಕೆರೆಯ ದಂಡೆಗೆ ಮರದ ಹಲಗೆ ಹಾಸಿ ಕಟ್ಟಿದ ಬೀದಿ. ಬೆಳಗ್ಗೆ ಖಾಲಿ ಇರುತ್ತದೆ, ಬೆಂಚುಗಳಿವೆ, ಕಾಫಿ ಸಿಗುತ್ತದೆ. ಯಜಮಾನರು ಕೂತಿರಲಿ, ನಿಮಗೆ ಹುಮ್ಮಸ್ಸಿದ್ದರೆ ಕೆರೆಯ ಸುತ್ತ ಒಂದು ಸುತ್ತು ಹಾಕಿ ಬನ್ನಿ. ಒಂದು ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು, ದಾರಿ ಸಮತಟ್ಟು.

ಬೋರ್ಡ್‌ವಾಕ್ ಎದುರೇ ದೋಣಿಕಟ್ಟೆ. ಹಾಲಿವುಡ್ ಸ್ಟುಡಿಯೋಸ್ ಕಡೆಗೆ ಹೋಗುವ ದೋಣಿ ಎಂದು ಕೇಳಿಕೊಂಡು ಹತ್ತಿ. ಎಪ್‌ಕಾಟ್ ಕಡೆಗೆ ಹೋಗುವ ದೋಣಿಯೂ ಅಲ್ಲಿಗೇ ಬರುತ್ತದೆ, ಅವಸರದಲ್ಲಿ ತಪ್ಪಿ ಹತ್ತುವವರು ಬಹಳ. ದೋಣಿ ಯಾಟ್ ಕ್ಲಬ್, ಸ್ವಾನ್ ಮತ್ತು ಡಾಲ್ಫಿನ್ ಹೋಟೆಲುಗಳ ಮುಂದೆ ನಿಂತು, ಕಿರಿದಾದ ಕಾಲುವೆಗೆ ಇಳಿದು, ನಿಧಾನವಾಗಿ ಹಾಲಿವುಡ್ ಸ್ಟುಡಿಯೋಸ್ ಗೇಟಿನ ಹೊರಗೆ ಬಿಡುತ್ತದೆ. ಆ ಗೇಟಿನ ಹೊರಗೇ ಸ್ಕೈಲೈನರ್ ನಿಲ್ದಾಣ. ಹತ್ತಿದರೆ ಮತ್ತೆ ಕೆರಿಬಿಯನ್ ಬೀಚ್, ಅಲ್ಲಿಂದ ನಿಮ್ಮ ಹೋಟೆಲ್. ಹನ್ನೆರಡರ ಹೊತ್ತಿಗೆ ಈ ದಿಕ್ಕಿನಲ್ಲಿ ಸಾಲೇ ಇರುವುದಿಲ್ಲ. ಎರಡು ಪಾರ್ಕಿನ ಹೊಸ್ತಿಲು ಮುಟ್ಟಿ, ಒಂದು ಡಾಲರ್ ಖರ್ಚಿಲ್ಲದೆ, ಊಟದ ಹೊತ್ತಿಗೆ ರೂಮ್ ಸೇರಿರುತ್ತೀರಿ.

ಮಂಡಿನೋವಿನವರು ಸ್ಕೈಲೈನರ್ ಹತ್ತುವ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ಸಾಮಾನ್ಯ ಸಾಲಿನಲ್ಲಿ ಪೆಟ್ಟಿಗೆ ಪೂರ್ತಿ ನಿಲ್ಲುವುದಿಲ್ಲ. ನಿಧಾನವಾಗಿ ಸರಿಯುತ್ತಿರುವಾಗಲೇ ಹತ್ತಬೇಕು, ಇಳಿಯಬೇಕು. ನೆಲಕ್ಕೂ ಪೆಟ್ಟಿಗೆಗೂ ಒಂದೇ ಮಟ್ಟ, ಮೆಟ್ಟಿಲಿಲ್ಲ, ಆದರೂ ಕಾಲು ತಡವರಿಸುವವರಿಗೆ ಭಯವಾಗುತ್ತದೆ. ಗಾಲಿಕುರ್ಚಿಯವರಿಗಾಗಿ ಪೆಟ್ಟಿಗೆಯನ್ನು ಪಕ್ಕದ ಹಳಿಗೆ ತಂದು ಪೂರ್ತಿ ನಿಲ್ಲಿಸುವ ವ್ಯವಸ್ಥೆ ಇದೆ. ಗಾಲಿಕುರ್ಚಿ ಇಲ್ಲದಿದ್ದರೂ, ನಡೆಯುತ್ತ ಹತ್ತುವುದು ಕಷ್ಟ ಎಂದು ಅಲ್ಲಿಯ ಸಿಬ್ಬಂದಿಗೆ ಹೇಳಿದರೆ ಆ ಕಡೆಗೆ ಕಳಿಸುತ್ತಾರೆ. ನಡುದಾರಿಯಲ್ಲಿ ಪೆಟ್ಟಿಗೆ ಎರಡು ಮೂರು ನಿಮಿಷ ನಿಂತರೆ ಗಾಬರಿ ಬೇಡ, ಬಹುತೇಕ ಯಾರನ್ನೋ ಹತ್ತಿಸಲು ನಿಲ್ಲಿಸಿರುತ್ತಾರೆ. ಒಳಗೆ ಎಸಿ ಇಲ್ಲ, ಗಾಳಿಕಿಂಡಿ ಮಾತ್ರ. ಓಡುವಾಗ ಚೆನ್ನಾಗಿರುತ್ತದೆ, ನಿಂತರೆ ಬಿಸಿ. ನೀರಿನ ಬಾಟಲಿ ಜೊತೆಗಿರಲಿ. ಎತ್ತರ ಆಗದವರಾಗಿದ್ದರೆ ಸ್ಕೈಲೈನರ್ ಬಿಟ್ಟು ಊಬರ್‌ನಲ್ಲಿ ಹಾಲಿವುಡ್ ಸ್ಟುಡಿಯೋಸ್‌ಗೆ ಬಂದು, ದೋಣಿಯಲ್ಲಿ ಬೋರ್ಡ್‌ವಾಕ್‌ಗೆ ಹೋಗಿ, ಅದೇ ದಾರಿಯಲ್ಲಿ ವಾಪಸ್ ಬರಬಹುದು.

ಎರಡನೆಯ ಸುತ್ತು ಮಾನೋರೈಲಿನದು, ಇದಕ್ಕೆ ಸಂಜೆ ಸರಿ. ಹೋಟೆಲಿನಿಂದ ಮ್ಯಾಜಿಕ್ ಕಿಂಗ್‌ಡಮ್ ಬಸ್ ಹಿಡಿಯಿರಿ. ಬಸ್ ನಿಲ್ದಾಣ ಗೇಟಿನ ಹೊರಗಿದೆ. ಅಲ್ಲಿ ರೆಸಾರ್ಟ್ ಮಾನೋರೈಲು ಎಂದು ಕೇಳಿ ಹತ್ತಿ. ಮೊದಲು ಕಂಟೆಂಪರರಿ, ಆಮೇಲೆ ಟಿಕೆಟ್ ಆ್ಯಂಡ್ ಟ್ರಾನ್ಸ್‌ಪೋರ್ಟೇಷನ್ ಸೆಂಟರ್, ಪಾಲಿನೇಷಿಯನ್, ಗ್ರ್ಯಾಂಡ್ ಫ್ಲೊರಿಡಿಯನ್, ಮತ್ತೆ ಮ್ಯಾಜಿಕ್ ಕಿಂಗ್‌ಡಮ್. 1971ರಲ್ಲಿ ಪಾರ್ಕಿನ ಜೊತೆಗೇ ತೆರೆದ ಕಂಟೆಂಪರರಿ ಹೋಟೆಲಿನಲ್ಲಿ ರೈಲು ಕಟ್ಟಡದ ಒಳಗೇ ಹಾದುಹೋಗುತ್ತದೆ. ಇಳಿದು ನೋಡಿ. ಮೇರಿ ಬ್ಲೇರ್ ಎಂಬ ಕಲಾವಿದೆ ಹೆಂಚಿನ ಬಿಲ್ಲೆಗಳಲ್ಲಿ ಮಾಡಿದ ಸುಮಾರು 90 ಅಡಿ ಎತ್ತರದ ಚಿತ್ರ ನಡುಗೋಡೆಯನ್ನು ಪೂರ್ತಿ ತುಂಬಿಕೊಂಡಿದೆ. ಅದರಲ್ಲೊಂದು ಮೇಕೆಗೆ ಐದು ಕಾಲಿದೆ. ರೈಲು ನಿಲ್ಲುವ ಕಡೆಯಿಂದ ಹುಡುಕಿ, ಸಿಕ್ಕ ಮೇಲೆ ಫೋಟೋ ತೆಗೆದಿಟ್ಟುಕೊಂಡು ಮೊಮ್ಮಕ್ಕಳಿಗೆ ತೋರಿಸಿ, ಪಾರ್ಕಿನೊಳಗೆ ಓಡಾಡಿದ ಮಕ್ಕಳು ನೋಡಿರುವುದಿಲ್ಲ.

ಟ್ರಾನ್ಸ್‌ಪೋರ್ಟೇಷನ್ ಸೆಂಟರಿನಲ್ಲಿ ಇಳಿದರೆ ಎಪ್‌ಕಾಟ್‌ಗೆ ಹೋಗುವ ಇನ್ನೊಂದು ಮಾನೋರೈಲು ಸಿಗುತ್ತದೆ. ಇದು ಎಪ್‌ಕಾಟ್ ನಿಲ್ದಾಣ ಸೇರುವ ಮೊದಲು ಪಾರ್ಕಿನ ಒಳಗೇ ಒಂದು ಸುತ್ತು ಹಾಕುತ್ತದೆ. ದೊಡ್ಡ ಬೆಳ್ಳಿ ಚೆಂಡಿನಂಥ ಸ್ಪೇಸ್‌ಶಿಪ್ ಅರ್ಥ್, ಅದರ ಸುತ್ತಲಿನ ತೋಟ, ಓಡಾಡುವ ಜನ ಎಲ್ಲ ಮೇಲಿಂದ ಕಾಣುತ್ತದೆ. ಟಿಕೆಟ್ ಇಲ್ಲದೆ ಪಾರ್ಕಿನ ಒಳಗನ್ನು ನೋಡಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಇಳಿದು, ವಾಪಸ್ ಬರುವ ಸಾಲಿಗೆ ಸೇರಿಕೊಳ್ಳಿ.

ಸೂರ್ಯ ಮುಳುಗುವ ಹೊತ್ತಿಗೆ, ಎಂದರೆ ಜೂನ್‌ನಲ್ಲಿ ಎಂಟೂಕಾಲು ಎಂಟೂವರೆಗೆ, ಪಾಲಿನೇಷಿಯನ್ ಹೋಟೆಲಿನ ಮರಳು ದಂಡೆಯಲ್ಲಿರಿ. ಅಲ್ಲಿ ಸಿಗುವ ಅನಾನಸಿನ ಡೋಲ್ ವಿಪ್ ಎಂಬ ಐಸ್‌ಕ್ರೀಮಿನಂಥ ತಿನಿಸಿನಲ್ಲಿ ಹಾಲೂ ಇಲ್ಲ, ಮೊಟ್ಟೆಯೂ ಇಲ್ಲ, ಧೈರ್ಯವಾಗಿ ತಿನ್ನಿ. ನೀರಿನಾಚೆ ಮ್ಯಾಜಿಕ್ ಕಿಂಗ್‌ಡಮ್‌ನ ಕೋಟೆ ನೇರ ಕಾಣುತ್ತದೆ, ರಾತ್ರಿಯ ಪಟಾಕಿಯೂ ಇಲ್ಲಿಂದ ಪೂರ್ತಿ ಕಾಣುತ್ತದೆ. ಸಮಯ ದಿನಕ್ಕೊಂದು, ಬೆಳಗ್ಗೆಯೇ ಆ್ಯಪ್‌ನಲ್ಲಿ ನೋಡಿಕೊಳ್ಳಿ. 1971ರಿಂದಲೂ ನಡೆದುಬಂದ ಎಲೆಕ್ಟ್ರಿಕಲ್ ವಾಟರ್ ಪೇಜೆಂಟ್ ಎಂಬ ದೀಪದ ತೆಪ್ಪಗಳ ಮೆರವಣಿಗೆಯೂ ಒಂಬತ್ತರ ಆಚೀಚೆ ಈ ಕೆರೆಯಲ್ಲಿ ಸಾಗುತ್ತದೆ. ಮಳೆಗಾಳಿ ಇದ್ದರೆ ರದ್ದು. ದಂಡೆಯಲ್ಲಿ ಕೂರಬಹುದು, ನೀರಿಗೆ ಮಾತ್ರ ಇಳಿಯಬಾರದು. ಫ್ಲಾರಿಡಾದ ಎಲ್ಲ ಕೆರೆಗಳಂತೆ ಇಲ್ಲೂ ಮೊಸಳೆ ಇರಬಹುದು. ಬೇಲಿಯಾಚೆ, ಅದರಲ್ಲೂ ಕತ್ತಲಾದ ಮೇಲೆ, ಮೊಮ್ಮಕ್ಕಳನ್ನು ಬಿಡಬೇಡಿ.

ಪಟಾಕಿ ಮುಗಿದ ತಕ್ಷಣ ಎದ್ದರೆ ತಪ್ಪು ಮಾಡಿದಂತೆ. ಪಾಲಿನೇಷಿಯನ್‌ನಿಂದ ನಿಮ್ಮ ಹೋಟೆಲಿಗೆ ನೇರ ಬಸ್ಸಿಲ್ಲ, ಮ್ಯಾಜಿಕ್ ಕಿಂಗ್‌ಡಮ್ ನಿಲ್ದಾಣಕ್ಕೇ ಬರಬೇಕು. ಆ ಹೊತ್ತಿನಲ್ಲಿ ಪಾರ್ಕಿನ ಜನವೆಲ್ಲ ಅಲ್ಲಿಗೇ ಬಂದಿರುತ್ತಾರೆ. ಮುಕ್ಕಾಲು ಗಂಟೆ ಅಲ್ಲೇ ಆರಾಮಾಗಿ ಕೂತಿರಿ, ಇಲ್ಲವೇ ಹೋಟೆಲ್ ಬಾಗಿಲಿಗೇ ಊಬರ್ ಕರೆಸಿ. ಮಂಡಿನೋವಿನವರ ಜೊತೆಗಿದ್ದಾಗ ಊಬರ್ ಖರ್ಚನ್ನು ದುಂದು ಎಂದುಕೊಳ್ಳಬೇಡಿ, ಉಳಿಸಿದ ಟಿಕೆಟ್ ದುಡ್ಡಿನಲ್ಲಿ ಅದು ಚಿಲ್ಲರೆ.

ಇಲ್ಲಿ ಎಲ್ಲರೂ ಎಡವುವ ಸಂಗತಿ ಒಂದಿದೆ. ಒಂದು ಹೋಟೆಲಿನಿಂದ ಇನ್ನೊಂದು ಹೋಟೆಲಿಗೆ ನೇರ ಬಸ್ ಇರುವುದಿಲ್ಲ. ಪಾರ್ಕಿನ ಹೊರಗಿನ ನಿಲ್ದಾಣದಲ್ಲೋ ಡಿಸ್ನಿ ಸ್ಪ್ರಿಂಗ್ಸ್‌ನಲ್ಲೋ ಬಸ್ ಬದಲಿಸಬೇಕು. ಎರಡು ಬಸ್ಸಿಗೆ ಕಾಯುವುದೂ ಸೇರಿ ಒಂದರಿಂದ ಒಂದೂವರೆ ಗಂಟೆ ಹಿಡಿದುಕೊಳ್ಳಿ. ಸ್ಪ್ರಿಂಗ್ಸ್‌ನಿಂದ ಪಾರ್ಕುಗಳಿಗೆ ಬಸ್ ಬಿಡುವುದಿಲ್ಲ ಎಂಬುದೂ ನೆನಪಿರಲಿ.

ಈ ಕಷ್ಟ ಹೆಚ್ಚಾಗಿ ಕಾಣುವುದು ಅನಿಮಲ್ ಕಿಂಗ್‌ಡಮ್ ಲಾಡ್ಜ್‌ಗೆ ಹೋಗುವಾಗ. ಅಲ್ಲಿಗೆ ದೋಣಿ, ಮಾನೋರೈಲು ಇಲ್ಲ. ಆದರೂ ಹೋಗಲೇಬೇಕಾದ ಜಾಗ. ಹೋಟೆಲಿನ ಸುತ್ತ ಆಫ್ರಿಕಾದ ಹುಲ್ಲುಗಾವಲಿನಂತೆ ಬೆಳೆಸಿ ಜಿರಾಫೆ, ಜೀಬ್ರಾ, ಜಿಂಕೆಜಾತಿಗಳು, ಮಾರುದ್ದದ ಕೊಂಬಿನ ಆಂಕೋಲೆ ದನಗಳನ್ನು ಬಿಟ್ಟಿದ್ದಾರೆ. ಅಲ್ಲಿ ರೂಮ್ ಇಲ್ಲದವರೂ ಜಾಂಬೊ ಹೌಸ್ ಎಂಬ ಮುಖ್ಯ ಕಟ್ಟಡದ ಹಿಂದಿನ ವೀಕ್ಷಣಾ ಕಟ್ಟೆಯಿಂದ ನೋಡಬಹುದು. ಬಿಸಿಲು ಏರಿದ ಮೇಲೆ ಪ್ರಾಣಿಗಳು ನೆರಳು ಸೇರಿಬಿಡುತ್ತವೆ, ಹನ್ನೊಂದಕ್ಕೆ ಹೋಗಿ ಖಾಲಿ ಬಯಲು ನೋಡಿ ಬರುವವರೇ ಹೆಚ್ಚು. ಬೆಳಗ್ಗೆ ಏಳರಿಂದ ಒಂಬತ್ತು, ಸಂಜೆ ಆರರ ಮೇಲೆ ಸರಿಯಾದ ಹೊತ್ತು. ಬೆಳಗ್ಗೆ ಬಸ್ ನೆಚ್ಚಿಕೊಳ್ಳದೆ ಟ್ಯಾಕ್ಸಿಯಲ್ಲಿ ಹೋಗಿ. ಕೆಳಗಿನ ದಿ ಮಾರಾದಲ್ಲಿ ಕಾಫಿ ತೆಗೆದುಕೊಂಡು ಕಟ್ಟೆಯ ಮೇಲೆ ಕೂತುಬಿಡಿ.

ಅದರ ಪಕ್ಕದ ಕಿಡಾನಿ ವಿಲೇಜ್‌ನಲ್ಲಿ ಸನಾ ಎಂಬ ರೆಸ್ಟೋರೆಂಟ್ ಇದೆ. ನಿಮ್ಮಂಥವರಿಗೆ ಇಡೀ ಡಿಸ್ನಿ ವರ್ಲ್ಡ್‌ನಲ್ಲಿ ಹೇಳಿ ಮಾಡಿಸಿದ ಜಾಗ. ಬ್ರೆಡ್ ಸರ್ವಿಸ್ ಎಂದು ಕೇಳಿದರೆ ನಾನ್, ಕುಲ್ಚಾ, ಪರಾಠದಂಥ ರೊಟ್ಟಿಗಳ ಜೊತೆಗೆ ರಾಯತ, ಮಾವಿನ ಚಟ್ನಿ, ಹುಣಸೆ ಚಟ್ನಿ, ಉಪ್ಪಿನಕಾಯಿ ಎಂದು ಒಂಬತ್ತು ಬಗೆಯ ನಂಜಿಕೊಳ್ಳುವ ಪದಾರ್ಥ ಬರುತ್ತದೆ. ಇಬ್ಬರಿಗೆ ಧಾರಾಳ. ಖಾರ ನಮ್ಮ ಮಟ್ಟಕ್ಕಿಲ್ಲ, ಆದರೆ ನಾಲಿಗೆಗೆ ಪರಿಚಯದ ರುಚಿ. ಯಾವ ರೊಟ್ಟಿಗೆ ಮೊಟ್ಟೆ ಹಾಕುತ್ತಾರೆ ಎಂದು ಕೇಳಿಕೊಂಡು ಆರಿಸಿ. ಕಿಟಕಿಯಾಚೆ ಹುಲ್ಲುಗಾವಲು. ಕತ್ತಲಾದರೆ ಏನೂ ಕಾಣದು, ಜೂನ್‌ನಲ್ಲಿ ಆರೂವರೆಯ ಟೇಬಲ್ ಸರಿಯಾಗುತ್ತದೆ. ಡಿಸೆಂಬರಿನಲ್ಲಿ ಹೋಗುವವರು ನಾಲ್ಕೂವರೆಗೇ ಹೋಗಬೇಕು, ಐದೂವರೆಗೆ ಸೂರ್ಯ ಮುಳುಗಿರುತ್ತಾನೆ.

ಡಿಸ್ನಿ ಸ್ಪ್ರಿಂಗ್ಸ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಂಗಡಿ, ಹೋಟೆಲ್, ಐಸ್‌ಕ್ರೀಮ್. ಮಳೆ ಹಿಡಿದ ಮಧ್ಯಾಹ್ನಕ್ಕೆ ಎಸಿ ಅಂಗಡಿಗಳು ಚೆನ್ನ, ಸಂಜೆಯ ನೂಕುನುಗ್ಗಲು ಬೇಡ. ಆದರೆ ಅಲ್ಲಿಂದ ಪೋರ್ಟ್ ಆರ್ಲಿಯನ್ಸ್ ಹೋಟೆಲಿಗೆ ಹೋಗುವ ದೋಣಿಯನ್ನು ಬಿಡಬೇಡಿ. ಮರಗಳು ಬಾಗಿದ ಕಿರುನದಿಯಲ್ಲಿ ಹೋಗಿ ಬರುವುದಕ್ಕೇ ಒಂದು ಗಂಟೆ ಹಿಡಿಯುತ್ತದೆ.

ಒಂದು ಸಂಜೆಯನ್ನು ಮೊಮ್ಮಕ್ಕಳ ಜೊತೆ ಫೋರ್ಟ್ ವಿಲ್ಡರ್ನೆಸ್‌ಗೆ ಇಡಿ. ಮ್ಯಾಜಿಕ್ ಕಿಂಗ್‌ಡಮ್ ಗೇಟಿನ ಹೊರಗಿನ ದೋಣಿಕಟ್ಟೆಯಿಂದ ನೇರ ದೋಣಿ ಇದೆ. ಪಾರ್ಕಿನಲ್ಲಿ ಟ್ರಾಲಿ ಎಳೆಯುವ ದೊಡ್ಡ ಕುದುರೆಗಳ ಲಾಯ ಅಲ್ಲಿದೆ, ನೋಡಲು ದುಡ್ಡಿಲ್ಲ. ರಾತ್ರಿ ಚಿಪ್ ಮತ್ತು ಡೇಲ್ ಎಂಬ ಕಾರ್ಟೂನ್ ಅಳಿಲುಗಳು ಬರುವ ಬೆಂಕಿ ಸುತ್ತಿನ ಹಾಡಿಗೆ ಯಾವ ಹೋಟೆಲಿನವರಾದರೂ ಹೋಗಬಹುದು. ಅಲ್ಲಿ ಮಕ್ಕಳೆಲ್ಲ ಕಡ್ಡಿಗೆ ಸಿಕ್ಕಿಸಿ ಸುಡುವ ಮಾರ್ಷ್‌ಮ್ಯಾಲೋದಲ್ಲಿ ಜೆಲಾಟಿನ್ ಇರುತ್ತದೆ, ಅದು ಪ್ರಾಣಿಗಳ ಚರ್ಮ, ಮೂಳೆಯಿಂದ ಮಾಡುವ ವಸ್ತು. ಮೊದಲೇ ಇಂಡಿಯನ್ ಸ್ಟೋರಿನಿಂದ ಜೆಲಾಟಿನ್ ಇಲ್ಲದ ಪೊಟ್ಟಣ ತಂದಿಟ್ಟುಕೊಂಡರೆ ಮಕ್ಕಳಿಗೆ ಬೇಸರವಾಗದು. ಮೊಸರು ಕೊಳ್ಳುವಾಗಲೂ ಲೇಬಲ್ ಓದಿ, ಕೆಲವು ಯೋಗರ್ಟ್‌ನಲ್ಲೂ ಜೆಲಾಟಿನ್ ಇರುತ್ತದೆ.

ಊಟದಲ್ಲಿ ವೆಜಿಟೇರಿಯನ್ ಎಂದಷ್ಟೇ ಹೇಳಿದರೆ ಅಲ್ಲಿ ಮೊಟ್ಟೆ ಸೇರಿಯೇ ಲೆಕ್ಕ. ತರಕಾರಿ ಸೂಪನ್ನು, ಅನ್ನವನ್ನು ಕೋಳಿಯ ಸಾರಿನಲ್ಲಿ ಬೇಯಿಸಿರಬಹುದು. ಡಿಸ್ನಿಯ ಮೆನುಗಳಲ್ಲಿ ಹಸಿರು ಎಲೆಯ ಗುರುತು ಇದ್ದರೆ ಮಾಂಸ, ಮೊಟ್ಟೆ, ಹಾಲು, ಜೇನು ಯಾವುದೂ ಇಲ್ಲ ಎಂದರ್ಥ. ಅದನ್ನೇ ಹಿಡಿದು ಹೊರಡಿ. ಕರಿಯುವ ಎಣ್ಣೆ ಬೇರೆಯೇ ಎಂಬುದು ಮುಖ್ಯವಾದರೆ ಬಾಣಸಿಗರನ್ನೇ ಕರೆಸಿ ಕೇಳಬಹುದು. ಬಂದು ಮಾತಾಡುತ್ತಾರೆ, ಸಂಕೋಚ ಬೇಡ. ಟೇಬಲಿಗೆ ಬಂದು ಬಡಿಸುವ ಕಡೆ 18ರಿಂದ 20 ಶೇಕಡಾ ಟಿಪ್ಸ್ ರೂಢಿ. ಆರು ಜನ ಒಟ್ಟಿಗೆ ಕೂತರೆ 18 ಶೇಕಡಾ ಬಿಲ್ಲಿನಲ್ಲೇ ಸೇರಿರುತ್ತದೆ, ನೋಡದೆ ಎರಡನೇ ಸಲ ಕೊಡಬೇಡಿ.

ಬೆಳಗಿನ ತಿಂಡಿ ರೂಮಿನಲ್ಲೇ ಮಾಡಿಕೊಳ್ಳುವುದು ಸುಲಭ. ಇಲ್ಲಿಂದ ರೆಡಿಮೇಡ್ ಉಪ್ಪಿಟ್ಟು, ಅವಲಕ್ಕಿ ಮಿಕ್ಸ್, ಚಟ್ನಿಪುಡಿ ಒಯ್ಯಿರಿ, ಕಸ್ಟಮ್ಸ್‌ನಲ್ಲಿ ಕೇಳಿದಾಗ ತಿನ್ನುವ ಪದಾರ್ಥ ಇದೆ ಎಂದು ಬಾಯಿಬಿಟ್ಟು ಹೇಳಿ. ಹಸಿ ಕರಿಬೇವು ಮಾತ್ರ ಒಂದು ಎಸಳೂ ಬೇಡ. ಕಿತ್ತಳೆ ಜಾತಿಯ ಗಿಡಗಳನ್ನು ಕೊಲ್ಲುವ ರೋಗ ಅದರ ಮೂಲಕ ಬರುತ್ತದೆಂದು ಅಮೆರಿಕದಲ್ಲಿ ನಿಷೇಧವಿದೆ, ಫ್ಲಾರಿಡಾ ಕಿತ್ತಳೆಯ ನಾಡು. ಕಾಫಿ ಮೇಕರ್‌ನಲ್ಲಿ ಪುಡಿ ಹಾಕದೆ ಬರೀ ನೀರು ಬಿಟ್ಟರೆ ಬಿಸಿನೀರು ಬರುತ್ತದೆ. ಮೊದಲ ಲೋಟದಲ್ಲಿ ಹಳೆ ಕಾಫಿಯ ವಾಸನೆ ಇರುತ್ತದೆ, ಚೆಲ್ಲಿಬಿಡಿ. ಆ ನೀರು ಕುದಿಯುವಷ್ಟು ಬಿಸಿ ಇರದ ಕಾರಣ ಉಪ್ಪಿಟ್ಟು ಗಟ್ಟಿಯಾಗಿ ಉಳಿಯುತ್ತದೆ. ನೀರು ಬೆರೆಸಿ ಮೈಕ್ರೋವೇವಿನಲ್ಲಿ ಒಂದೆರಡು ನಿಮಿಷ ಇಟ್ಟರೆ ಸರಿಹೋಗುತ್ತದೆ. ಇಲ್ಲಿಯ ಎಲೆಕ್ಟ್ರಿಕ್ ಕೆಟಲ್ ಹೊತ್ತುಕೊಂಡು ಹೋಗಬೇಡಿ. ಅಲ್ಲಿ 120 ವೋಲ್ಟ್. ನಮ್ಮ 230 ವೋಲ್ಟಿನ 1,500 ವ್ಯಾಟ್ ಕೆಟಲ್ ಅಲ್ಲಿ 400 ವ್ಯಾಟ್ ಆಸುಪಾಸಿಗೆ ಇಳಿದು, ನೀರು ಉಗುರುಬೆಚ್ಚಗಾಗುವುದಕ್ಕೇ ಕಾಯಬೇಕಾಗುತ್ತದೆ.

ಈಜುಕೊಳದಲ್ಲಿ ಸೀರೆ, ಚೂಡಿದಾರ್, ಕಾಟನ್ ನೈಟಿ ನಡೆಯುವುದಿಲ್ಲ. ಮೈತುಂಬ ಮುಚ್ಚುವ ಈಜುಡುಗೆಗೆ ಯಾರ ಆಕ್ಷೇಪವೂ ಇಲ್ಲ, ಉದ್ದ ತೋಳಿನದನ್ನು ಬೆಂಗಳೂರಿನಲ್ಲೇ ಕೊಂಡುಕೊಳ್ಳಿ. ನಿಮ್ಮ ಹೋಟೆಲಿನ ಕೊಳ ಮಾತ್ರ ನಿಮ್ಮದು, ಬೇರೆ ಹೋಟೆಲಿನದಕ್ಕೆ ಬಿಡುವುದಿಲ್ಲ. ಮುಖ್ಯ ಕೊಳದಲ್ಲಿ ನೆಲವೇ ಇಳಿಜಾರಾಗಿ ನೀರಿಗೆ ಸೇರುವ ಕಡೆ ಇದೆ. ಯಜಮಾನರು ಏಣಿ ಹಿಡಿಯದೆ ಅಲ್ಲಿಂದಲೇ ಇಳಿಯಲಿ. ಮಂಡಿಗೆ ನೀರಿನೊಳಗಿನ ನಡಿಗೆ ಹಿತ.

ಗಾಲಿಕುರ್ಚಿ ಬೇಕಾದರೆ ಹೋಟೆಲಿನಲ್ಲೇ ಠೇವಣಿ ಇಟ್ಟುಕೊಂಡು ಕೈಯಿಂದ ತಳ್ಳುವುದನ್ನು ಕೊಡುತ್ತಾರೆ, ಸಂಖ್ಯೆ ಕಡಿಮೆ, ಹೋದ ದಿನವೇ ಕೇಳಿ. ನಿಮಗೆ ತಳ್ಳುವುದು ಕಷ್ಟ ಎನಿಸಿದರೆ ಬ್ಯಾಟರಿ ಕುರ್ಚಿಯನ್ನು ಬಾಡಿಗೆಗೆ ಹೋಟೆಲಿಗೇ ತಂದುಕೊಡುವ ಕಂಪನಿಗಳಿವೆ. ಬಸ್ಸು, ಸ್ಕೈಲೈನರ್, ಮಾನೋರೈಲಿಗೆ ಅದನ್ನು ಹತ್ತಿಸಬಹುದು.

ಇಲ್ಲಿಂದಲೇ ಮಾಡಬೇಕಾದ ಕೆಲಸ ಒಂದು ಬಾಕಿ. ಸನಾದಂಥ ರೆಸ್ಟೋರೆಂಟಿನ ಟೇಬಲ್‌ಗಳ ಬುಕಿಂಗ್ 60 ದಿನ ಮೊದಲು ತೆರೆಯುತ್ತದೆ. ಡಿಸ್ನಿ ಹೋಟೆಲಿನಲ್ಲಿ ರೂಮ್ ಇರುವವರಿಗೆ, ಬಂದಿಳಿಯುವ ದಿನಕ್ಕೆ 60 ದಿನ ಮೊದಲೇ ಐದೂ ದಿನದ ಟೇಬಲ್ ಒಟ್ಟಿಗೆ ಹಿಡಿಯುವ ಅನುಕೂಲವಿದೆ. ಅಲ್ಲಿಯ ಬೆಳಗ್ಗೆ ಆರು ಎಂದರೆ ಬೇಸಿಗೆಯಲ್ಲಿ ನಮ್ಮ ಮಧ್ಯಾಹ್ನ ಮೂರೂವರೆ. ಮಗ ನಿದ್ದೆಗೆಟ್ಟು ಕೂರುವುದಕ್ಕಿಂತ ಅವನ ಲಾಗಿನ್ ಇಟ್ಟುಕೊಂಡು ನೀವೇ ಊಟ ಮುಗಿಸಿ ಕೂತು ಹಿಡಿಯಿರಿ. ಮೊದಲು ಸನಾ, ಆರೂವರೆಯ ಹೊತ್ತಿಗೆ, ಐದು ದಿನದ ಕೊನೆಯ ದಿನಗಳಲ್ಲೊಂದಕ್ಕೆ ಪ್ರಯತ್ನಿಸಿ, ಮೊದಲ ದಿನಗಳ ಟೇಬಲ್ ಬೇಗ ಖಾಲಿಯಾಗುತ್ತವೆ. ಕ್ರೆಡಿಟ್ ಕಾರ್ಡ್ ಕೇಳುತ್ತಾರೆ. ಹೋಗಲಾಗದಿದ್ದರೆ ಎರಡು ಗಂಟೆ ಮೊದಲೇ ರದ್ದು ಮಾಡಿ, ಇಲ್ಲವಾದರೆ ತಲೆಗೆ 10 ಡಾಲರ್ ಹಿಡಿದುಕೊಳ್ಳುತ್ತಾರೆ.